ತಾಲ್ಲೂಕು ಆಸ್ಪತ್ರೆಗೆ ಹಲ್ಲಿನ ಡಾಕ್ಟರನ್ನು ತರಿಸುವುದು ಹೇಗೆ? ರಾಯಚೂರು ಜಿಲ್ಲೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಹಲ್ಲುನೋವಿಗಾಗಿ ಯಾರೂ ಧರಣಿ ಕೂರುವುದಿಲ್ಲ. ಏಮ್ಸ್ ಬೇಕೆಂದು ರಾಯಚೂರಿನ ಜನ 2022ರಿಂದ ವರ್ಷಗಟ್ಟಲೆ ಧರಣಿ ನಡೆಸಿದ್ದಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಬಾರದಿದ್ದರೆ ರೈತರು ರಸ್ತೆಗೆ ಇಳಿಯುತ್ತಾರೆ. ಹಲ್ಲು ನೋವು ಬಂದರೆ ಮಾತ್ರ ಲವಂಗ ಕಚ್ಚಿಕೊಂಡು, ಔಷಧದ ಅಂಗಡಿಯಿಂದ ಒಂದು ಗುಳಿಗೆ ತಂದು ನುಂಗಿ, ಕೆನ್ನೆ ಊದಿಕೊಂಡ ಮೇಲೆ ಬಸ್ ಹತ್ತುತ್ತೇವೆ. ಅಷ್ಟರಲ್ಲಿ ಹಲ್ಲು ಉಳಿಸುವ ಕಾಲ ಮುಗಿದು, ಕೀಳಿಸುವುದೊಂದೇ ಉಳಿದಿರುತ್ತದೆ. ನಲವತ್ತೈದಕ್ಕೇ ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುವವರು ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಯಾವ ಸರ್ಕಾರಿ ಕಡತವೂ ಲೆಕ್ಕ ಇಟ್ಟಿಲ್ಲ.

ರಾಯಚೂರು ನಗರದಲ್ಲಿ ಎರಡು ಖಾಸಗಿ ದಂತ ಕಾಲೇಜುಗಳಿವೆ. ಪಕ್ಕದ ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜೇ ಇದೆ. ಆದ್ದರಿಂದ ನಮ್ಮ ಭಾಗದಲ್ಲಿ ದಂತವೈದ್ಯರೇ ಇಲ್ಲ ಎನ್ನುವುದು ಸರಿಯಲ್ಲ. ಮುದಗಲ್ ಅಥವಾ ದೇವದುರ್ಗದ ಕೂಲಿಯವರಿಗೆ ಅವರು ಎಟಕುವುದಿಲ್ಲ ಎನ್ನುವುದು ಸರಿ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಾರ್ಜು ಉಳಿದಿದೆ, ಆದರೆ ಒಂದು ದಿನದ ಕೂಲಿ ಉಳಿದಿಲ್ಲ. ರೂಟ್ ಕೆನಾಲ್ (ಹಲ್ಲಿನ ಬೇರು) ಚಿಕಿತ್ಸೆ ಒಂದೇ ಭೇಟಿಯಲ್ಲಿ ಮುಗಿಯುವುದೂ ಅಪರೂಪ.

ಈ ದೂರವನ್ನು ಕಡಿಮೆ ಮಾಡಿಸಲು ಸಾಮಾನ್ಯ ನಾಗರಿಕರು, ಸಂಘಗಳು, ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು ಏನು ಮಾಡಬಹುದು ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಉದಾಹರಣೆಗಳು ರಾಯಚೂರಿನವು. ಕೊಪ್ಪಳ, ಬಳ್ಳಾರಿಯವರಿಗೂ ದಾರಿ ಹೆಚ್ಚುಕಡಿಮೆ ಇದೇ.

1. ಮೊದಲು ಬೇಡಿಕೆಯನ್ನು ಚಿಕ್ಕದು ಮಾಡಿ

"ಜಿಲ್ಲೆಯಲ್ಲಿ ದಂತ ಚಿಕಿತ್ಸಾ ಸೌಲಭ್ಯ ಸುಧಾರಿಸಬೇಕು" ಎಂದು ಮನವಿ ಕೊಟ್ಟರೆ ಅಧಿಕಾರಿ ನಗುಮುಖದಿಂದಲೇ ತೆಗೆದುಕೊಳ್ಳುತ್ತಾರೆ. ಅಂಥ ಮನವಿಗೆ "ಪರಿಶೀಲಿಸಲಾಗುವುದು" ಎಂಬ ಒಂದು ಸಾಲಿನ ಉತ್ತರ ಬರೆದರೆ ಅವರ ಕೆಲಸ ಮುಗಿಯುತ್ತದೆ. ಯಾವ ಆಸ್ಪತ್ರೆ, ಯಾವ ಹುದ್ದೆ, ಯಾವ ಉಪಕರಣ, ಯಾರ ಸಹಿ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಇಲ್ಲದ ಬೇಡಿಕೆ ಇನ್ನೂ ಬೇಡಿಕೆಯಾಗಿಲ್ಲ, ಅದು ಹಾರೈಕೆ ಮಾತ್ರ.

ತಾಲ್ಲೂಕು ಆಸ್ಪತ್ರೆಯಲ್ಲಿ ಹಲ್ಲಿನ ಚಿಕಿತ್ಸೆ ಸಿಗದಿರುವುದಕ್ಕೆ ಕಾರಣಗಳು ಬೇರೆ ಬೇರೆ. ಹುದ್ದೆಯೇ ಮಂಜೂರಾಗಿಲ್ಲದಿರಬಹುದು. ಮಂಜೂರಾಗಿ ಖಾಲಿ ಇರಬಹುದು. ಭರ್ತಿಯಾಗಿದ್ದರೂ ವೈದ್ಯರು ನಿಯೋಜನೆಯ ಮೇಲೆ ಬೇರೆಡೆ ಕೆಲಸ ಮಾಡುತ್ತಿರಬಹುದು. ವೈದ್ಯರಿದ್ದು ಡೆಂಟಲ್ ಚೇರ್‌ನ ಕಂಪ್ರೆಸರ್ ಕೆಟ್ಟಿರಬಹುದು. ಎಲ್ಲ ಇದ್ದೂ ಹಲ್ಲು ತುಂಬುವ ಸಿಮೆಂಟ್ ಮುಗಿದಿರಬಹುದು. ಈ ಐದಕ್ಕೂ ಐದು ಬೇರೆ ಕಚೇರಿಗಳಲ್ಲಿ ಮದ್ದು ಇದೆ. ಹೊಸ ಹುದ್ದೆ ಸೃಷ್ಟಿಸಲು ಬೆಂಗಳೂರಿನಲ್ಲಿ ಆರ್ಥಿಕ ಇಲಾಖೆಯ ಸಹಮತಿ ಬೇಕು, ಅದಕ್ಕೆ ವರ್ಷಗಳೇ ಹಿಡಿಯಬಹುದು. ಕಂಪ್ರೆಸರ್ ದುರಸ್ತಿಗೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಒಂದು ಸಭೆ ಸಾಕು. ಎರಡಕ್ಕೂ ಒಂದೇ ಮನವಿ ಬರೆಯುವವರು ಎರಡನ್ನೂ ಕಳೆದುಕೊಳ್ಳುತ್ತಾರೆ.

ನನ್ನ ಸಲಹೆ ಇಷ್ಟು: ಮೊದಲ ವರ್ಷ ಒಂದೇ ಆಸ್ಪತ್ರೆ, ಒಂದೇ ಕೊರತೆ.

2. ನಿಯಮದಲ್ಲಿ ಏನಿದೆ ಎಂದು ತಿಳಿದುಕೊಳ್ಳಿ

ನೀವು ಕೇಳುತ್ತಿರುವುದು ದಾನವಲ್ಲ ಎಂದು ತೋರಿಸಲು ಕೆಲವು ಆಧಾರಗಳು ಕೈಯಲ್ಲಿರಬೇಕು.

ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳು (ಐಪಿಎಚ್‌ಎಸ್) ಸಮುದಾಯ ಆರೋಗ್ಯ ಕೇಂದ್ರಕ್ಕೆ ಒಬ್ಬ ದಂತವೈದ್ಯರು ಇರಲೇಬೇಕೆಂದು 2012ರ ಆವೃತ್ತಿಯಲ್ಲೇ ಹೇಳಿವೆ. ಈ ಮಾನದಂಡಗಳನ್ನು 2022ರಲ್ಲಿ ಪರಿಷ್ಕರಿಸಲಾಗಿದೆ. ಇದು ಕಾನೂನಲ್ಲ, ನ್ಯಾಯಾಲಯದಲ್ಲಿ ನೇರವಾಗಿ ಎತ್ತಿ ತೋರಿಸಿ ಗೆಲ್ಲುವ ದಾಖಲೆಯೂ ಅಲ್ಲ. ಆದರೆ ಕೇಂದ್ರ ಸರ್ಕಾರ ಒಪ್ಪಿದ ಅಳತೆಗೋಲು. "ನಿಮ್ಮದೇ ಅಳತೆಗೋಲಿನಲ್ಲಿ ಇಲ್ಲಿ ಕೊರತೆ ಇದೆ" ಎಂದು ಹೇಳುವುದಕ್ಕೂ "ದಯವಿಟ್ಟು ಕೊಡಿ" ಎನ್ನುವುದಕ್ಕೂ ತುಂಬಾ ವ್ಯತ್ಯಾಸವಿದೆ.

ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ 2014-15ರಲ್ಲಿ ಶುರುವಾಯಿತು. ಜಿಲ್ಲಾಸ್ಪತ್ರೆ ಮತ್ತು ಅದಕ್ಕಿಂತ ಕೆಳಗಿನ ಆಸ್ಪತ್ರೆಗಳಲ್ಲಿ ದಂತ ಘಟಕ ಸ್ಥಾಪಿಸಲು ದಂತವೈದ್ಯರು, ಸಹಾಯಕರು, ಡೆಂಟಲ್ ಚೇರ್ ಸಹಿತ ಉಪಕರಣಗಳು, ಬಳಸಿ ಮುಗಿಯುವ ಸಾಮಗ್ರಿ ಇವಕ್ಕೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಮೂಲಕ ಹಣ ಕೇಳಲು ರಾಜ್ಯಕ್ಕೆ ಅವಕಾಶವಿದೆ. ಗಮನಿಸಿ: ರಾಜ್ಯ ಕೇಳಬೇಕು. ರಾಜ್ಯ ಕೇಳಬೇಕಾದರೆ ಜಿಲ್ಲೆ ತನ್ನ ಯೋಜನೆಯಲ್ಲಿ ಬರೆದು ಕಳುಹಿಸಬೇಕು. ಜಿಲ್ಲೆ ಬರೆಯಬೇಕಾದರೆ ಯಾರಾದರೂ ನೆನಪಿಸಬೇಕು. ಆ ಯಾರಾದರೂ ನೀವೇ.

ಆಯುಷ್ಮಾನ್ ಆರೋಗ್ಯ ಮಂದಿರಗಳು, ಅಂದರೆ ಊರಿನ ಹತ್ತಿರದ ಪ್ರಾಥಮಿಕ ಹಂತದ ಸರ್ಕಾರಿ ಆರೋಗ್ಯ ಕೇಂದ್ರಗಳು, ಕೊಡಬೇಕಾದ ಹನ್ನೆರಡು ಬಗೆಯ ಸೇವೆಗಳಲ್ಲಿ ಪ್ರಾಥಮಿಕ ಬಾಯಿ ಆರೋಗ್ಯವೂ ಒಂದು. ಮೂವತ್ತು ದಾಟಿದವರ ಬಾಯಿ ಕ್ಯಾನ್ಸರ್ ತಪಾಸಣೆಯನ್ನೂ ಅಲ್ಲಿಯೇ ಮಾಡಬೇಕು. ಅಂದರೆ ಸಮುದಾಯ ಆರೋಗ್ಯ ಅಧಿಕಾರಿ ಜನರ ಬಾಯಿ ತೆರೆಸಿ ನೋಡುವ ಕೆಲಸ ಹೇಗೂ ನಡೆಯಬೇಕಾದದ್ದು. ಗುಟ್ಕಾವನ್ನು ಕರ್ನಾಟಕ 2013ರಲ್ಲೇ ನಿಷೇಧಿಸಿದರೂ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಎಂದು ಅದೇ ಸರಕು ಕೈಗೆ ಬರುವ ನಮ್ಮಂಥ ಕಡೆ ಈ ತಪಾಸಣೆ ಜೀವ ಉಳಿಸುವಂಥದ್ದು.

ಶಾಲಾ ಮಕ್ಕಳಿಗೆ 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ (ಆರ್‌ಬಿಎಸ್‌ಕೆ) ಇದೆ. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ತಂಡ ಗುರುತಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹುಳುಕು ಹಲ್ಲೂ ಇದೆ. ಹಲ್ಲು ಕಳೆದುಕೊಂಡ ಬಿಪಿಎಲ್ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡುವ ದಂತ ಭಾಗ್ಯ ರಾಜ್ಯದ್ದೇ ಯೋಜನೆ, ದಂತ ಕಾಲೇಜುಗಳ ಮೂಲಕ ನಡೆಯುವಂಥದ್ದು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನ ಬಗ್ಗೆ ಜನ ಬಹಳ ನಿರೀಕ್ಷೆ ಇಟ್ಟುಕೊಂಡಿರುತ್ತಾರೆ. ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ದವಡೆ ಮುರಿದರೆ ಉಪಯೋಗಕ್ಕೆ ಬರಬಹುದು, ಹುಳುಕು ತುಂಬಿಸಲು ಬರುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿಯೇ ಹಲ್ಲಿನ ಚಿಕಿತ್ಸೆ ಸಿಗಬೇಕು ಎಂದು ಒತ್ತಾಯಿಸುವುದು ಇದೇ ಕಾರಣಕ್ಕೆ.

3. ಮಾಹಿತಿ ಹಕ್ಕಿನ ಅರ್ಜಿ ಹಾಕಿ

ಈ ಹಂತಕ್ಕೆ ಅವಸರ ಬೇಡ. ಉಳಿದ ಎಲ್ಲ ಹಂತಗಳೂ ಇದರ ಮೇಲೆ ನಿಂತಿವೆ.

2005ರ ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ, ಕಾರ್ಡಿನ ನಕಲು ಲಗತ್ತಿಸಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ತೊಡಕಿದೆ: ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಇದನ್ನು ಮರೆತು ಮೂರು ಪುಟ ಬರೆದವರ ಅರ್ಜಿಯನ್ನು ತಿರಸ್ಕರಿಸಲು ನೆವ ಸಿಕ್ಕಂತಾಗುತ್ತದೆ. ತಾಲ್ಲೂಕು ಆಸ್ಪತ್ರೆಯ ವಿಷಯಕ್ಕೆ ಆ ಆಸ್ಪತ್ರೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅಥವಾ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿ ಕಚೇರಿಗೆ ಬರೆಯಿರಿ. ರಾಯಚೂರಿನ ರಿಮ್ಸ್‌ನಂಥ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರುತ್ತದೆ, ಅದರ ಅರ್ಜಿ ಅಲ್ಲಿಯ ನಿರ್ದೇಶಕರ ಕಚೇರಿಗೇ ಹೋಗಬೇಕು. ತಪ್ಪಿ ಬೇರೆಡೆ ಕೊಟ್ಟರೆ ಐದು ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಬೇಕೆಂದು ಕಲಂ 6(3) ಹೇಳುತ್ತದೆ. ಆದರೂ ನಾವೇ ಸರಿಯಾಗಿ ಕೊಡುವುದು ವಾಸಿ.

ಸಾಮಾನ್ಯವಾಗಿ ಜನ ಕೇಳುವ ಪ್ರಶ್ನೆ "ದಂತವೈದ್ಯರು ಇದ್ದಾರೆಯೇ?" ಎಂಬುದು. ಉತ್ತರ "ಇದ್ದಾರೆ" ಎಂದು ಬರುತ್ತದೆ. ಸಂಬಳ ಈ ಆಸ್ಪತ್ರೆಯ ಲೆಕ್ಕದಲ್ಲಿ, ಕೆಲಸ ಮತ್ತೆಲ್ಲೋ! ಆದ್ದರಿಂದ ಹೀಗೆ ಕೇಳಿ:

"…… ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯ ದಂತ ವಿಭಾಗಕ್ಕೆ ಸಂಬಂಧಿಸಿದಂತೆ ಕೆಳಗಿನ ದಾಖಲೆಗಳ ದೃಢೀಕೃತ ನಕಲು ಒದಗಿಸಬೇಕು. (1) ದಂತ ಆರೋಗ್ಯಾಧಿಕಾರಿ ಹುದ್ದೆಯ ಮಂಜೂರಾತಿ ಆದೇಶ. ಹುದ್ದೆ ಖಾಲಿ ಇದ್ದಲ್ಲಿ ಯಾವ ದಿನಾಂಕದಿಂದ ಖಾಲಿ ಇದೆ ಎಂಬುದನ್ನು ತೋರಿಸುವ ದಾಖಲೆ. (2) ಈ ಹುದ್ದೆಯಿಂದ ಅಥವಾ ಹುದ್ದೆಗೆ ಮಾಡಿರುವ ನಿಯೋಜನೆಯ ಆದೇಶಗಳು. (3) ಕಳೆದ ಹನ್ನೆರಡು ತಿಂಗಳಲ್ಲಿ ತಿಂಗಳುವಾರು ದಂತ ಹೊರರೋಗಿಗಳ ಸಂಖ್ಯೆ, ಕಿತ್ತ ಹಲ್ಲು, ತುಂಬಿದ ಹಲ್ಲು, ಬೇರು ಚಿಕಿತ್ಸೆಗಳ ಸಂಖ್ಯೆ. (4) ಡೆಂಟಲ್ ಚೇರ್, ಕಂಪ್ರೆಸರ್, ಎಕ್ಸ್-ರೇ, ಆಟೊಕ್ಲೇವ್ ಖರೀದಿಸಿದ ದಿನಾಂಕ ಮತ್ತು ದುರಸ್ತಿ ದಾಖಲೆ. (5) ಇದೇ ಅವಧಿಯಲ್ಲಿ ದಂತ ಸಾಮಗ್ರಿಗಳಿಗಾಗಿ ಸಲ್ಲಿಸಿದ ಬೇಡಿಕೆ ಪಟ್ಟಿ ಮತ್ತು ಬಂದ ಸರಬರಾಜು."

ಮೂರನೆಯ ಅಂಶದಲ್ಲಿ ನಿಜ ಅಡಗಿದೆ. ಕಿತ್ತ ಹಲ್ಲಿನ ಸಂಖ್ಯೆ ನೂರಾರು ಇದ್ದು ತುಂಬಿದ ಹಲ್ಲಿನ ಕಡೆ ಸೊನ್ನೆ ಇದ್ದರೆ, ವೈದ್ಯರಿದ್ದಾರೆ, ಸಾಮಗ್ರಿ ಇಲ್ಲ ಎಂದು ಬಹುಪಾಲು ತಿಳಿಯಬಹುದು. ಕೀಳುವುದಕ್ಕೆ ಅರಿವಳಿಕೆ ಚುಚ್ಚುಮದ್ದು ಮತ್ತು ಇಕ್ಕಳ ಇದ್ದರೂ ನಡೆಯುತ್ತದೆ. ಉಳಿಸುವುದಕ್ಕೆ ಕೆಲಸ ಮಾಡುವ ಚೇರ್, ವಿದ್ಯುತ್, ಸಿಮೆಂಟ್ ಎಲ್ಲ ಬೇಕು. ಸಿಂಧನೂರಿನಂಥ ದೊಡ್ಡ ಪಟ್ಟಣದ ಅಂಕಿಗಳನ್ನೂ ಪಕ್ಕದ ಚಿಕ್ಕ ತಾಲ್ಲೂಕಿನ ಅಂಕಿಗಳನ್ನೂ ಒಟ್ಟಿಗೆ ಇಟ್ಟರೆ ಭಾಷಣ ಬೇಕಾಗುವುದಿಲ್ಲ.

ಎರಡನೆಯ ಅರ್ಜಿ ಆರ್‌ಬಿಎಸ್‌ಕೆ ಬಗ್ಗೆ: ಕಳೆದ ಶೈಕ್ಷಣಿಕ ವರ್ಷದಲ್ಲಿ ತಾಲ್ಲೂಕಿನಲ್ಲಿ ಹುಳುಕು ಹಲ್ಲೆಂದು ಗುರುತಿಸಿದ ಮಕ್ಕಳೆಷ್ಟು, ಮುಂದಿನ ಚಿಕಿತ್ಸೆಗೆ ಕಳುಹಿಸಿದ್ದೆಷ್ಟು, ಚಿಕಿತ್ಸೆ ಮುಗಿದದ್ದೆಷ್ಟು. ಎರಡನೆಯ ಮತ್ತು ಮೂರನೆಯ ಸಂಖ್ಯೆಗಳ ನಡುವಿನ ಅಂತರವೇ ನಿಮ್ಮ ಮನವಿಯ ಮುಖ್ಯ ಸಾಕ್ಷ್ಯ.

30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಅರೆಬರೆ ಬಂದರೆ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಆಯೋಗದ ಪೀಠ ಕಲಬುರಗಿಯಲ್ಲೂ ಇರುವುದರಿಂದ ಬೆಂಗಳೂರಿಗೆ ಅಲೆಯುವುದು ತಪ್ಪಬಹುದು. ಆಯೋಗದಲ್ಲಿ ಕಾಲ ಹಿಡಿಯುತ್ತದೆ, ಅದಕ್ಕಾಗಿ ಉಳಿದ ಕೆಲಸ ನಿಲ್ಲಿಸಬೇಡಿ.

4. ಹಳ್ಳಿಯಿಂದ ಲೆಕ್ಕ ತನ್ನಿ

ಸರ್ಕಾರದ ಅಂಕಿಗಳು ಆಸ್ಪತ್ರೆಗೆ ಬಂದವರನ್ನು ಮಾತ್ರ ಎಣಿಸುತ್ತವೆ. ಬಾರದವರನ್ನು ನೀವು ಎಣಿಸಬೇಕು. ಎರಡು ಮೂರು ಹಳ್ಳಿ ಸಾಕು, ಪ್ರತಿ ಓಣಿಯಿಂದಲೂ ಮನೆಗಳಿರಲಿ, ಊರ ಹೊರಗಿನ ಕೇರಿ ಬಿಟ್ಟುಹೋಗದಿರಲಿ. ಪ್ರಶ್ನೆಗಳು ನಾಲ್ಕೈದಕ್ಕಿಂತ ಹೆಚ್ಚಾದರೆ ಜನ ಬೇಸರಪಡುತ್ತಾರೆ: ಕಳೆದ ಒಂದು ವರ್ಷದಲ್ಲಿ ಮನೆಯಲ್ಲಿ ಯಾರಿಗಾದರೂ ಹಲ್ಲುನೋವು ಬಂದಿತ್ತೆ? ಎಲ್ಲಿಗೆ ಹೋದಿರಿ? ಎಷ್ಟು ಖರ್ಚಾಯಿತು? ಎಷ್ಟು ದಿನದ ಕೂಲಿ ಹೋಯಿತು? ಹೋಗದಿದ್ದರೆ ಯಾಕೆ?

ಸಮಯ ನೋಡಿಕೊಂಡು ಮಾಡಿ. ಬೇಸಿಗೆಯಲ್ಲಿ ಅರ್ಧ ಊರು ಬೆಂಗಳೂರಿಗೆ ಗುಳೆ ಹೋಗಿರುತ್ತದೆ. ಹತ್ತಿ ಬಿಡಿಸುವ ದಿನಗಳಲ್ಲಿ ಹಗಲು ಹೊತ್ತು ಮನೆಯಲ್ಲಿ ಯಾರೂ ಸಿಗುವುದಿಲ್ಲ. ಆಶಾ ಕಾರ್ಯಕರ್ತೆ ಜೊತೆಗಿದ್ದರೆ ಬಾಗಿಲು ತೆರೆಯುತ್ತದೆ, ಆದರೆ ಅವರ ಮೇಲೆ ಈಗಾಗಲೇ ಹೊರೆ ಹೆಚ್ಚಿದೆ. ಕೇಳಿ, ಒತ್ತಾಯಿಸಬೇಡಿ. ಸಂಜೀವಿನಿ ಸ್ವಸಹಾಯ ಸಂಘದವರೂ ಸ್ಥಳೀಯ ಕಾಲೇಜಿನ ಎನ್‌ಎಸ್‌ಎಸ್ ವಿದ್ಯಾರ್ಥಿಗಳೂ ಈ ಕೆಲಸವನ್ನು ಚೆನ್ನಾಗಿ ಮಾಡುತ್ತಾರೆ. ಯಾರ ಹೆಸರನ್ನೂ ಫೋಟೊವನ್ನೂ ಅವರ ಒಪ್ಪಿಗೆ ಇಲ್ಲದೆ ಮನವಿಗೆ ಲಗತ್ತಿಸಬೇಡಿ. ಕಂದು ಹಲ್ಲಿನ ಹುಡುಗಿಯ ಫೋಟೊ ಪತ್ರಿಕೆಯಲ್ಲಿ ಬಂದರೆ ನಿಮ್ಮ ಹೋರಾಟಕ್ಕೆ ಬಲ ಬರಬಹುದು, ಅವಳ ಮದುವೆಯ ಮಾತುಕತೆಗೆ ಏನಾಗುತ್ತದೆ ಎಂಬುದನ್ನೂ ಯೋಚಿಸಬೇಕು.

ಕಂದು ಹಲ್ಲು ಎಂದಾಗ ನೀರಿನ ವಿಷಯ ಬಂದೇ ಬರುತ್ತದೆ. ರಾಯಚೂರು, ಕೊಪ್ಪಳ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಹೆಚ್ಚುಕಡಿಮೆ ಎಂಟು ವರ್ಷದ ಒಳಗೆ, ಇಂಥ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಬಿಳಿ, ಹಳದಿ, ಕಂದು ಗೆರೆಗಳು ಮೂಡುತ್ತವೆ. ಮೂಡಿದ ಮೇಲೆ ಉಜ್ಜಿದರೆ ಹೋಗುವುದಿಲ್ಲ. ಹಾಗೆಂದು ದಂತವೈದ್ಯರನ್ನು ಕೇಳುವ ಮನವಿಯಲ್ಲಿಯೇ ನೀರಿನ ಬೇಡಿಕೆಯನ್ನು ತುರುಕಬೇಡಿ. ಅದು ಬೇರೆ ಇಲಾಖೆ, ಬೇರೆ ಕಡತ. ಪ್ರತ್ಯೇಕ ಮನವಿಯಲ್ಲಿ ಅಂಗನವಾಡಿ ಮತ್ತು ಪ್ರಾಥಮಿಕ ಶಾಲೆಯ ನೀರಿನ ಪರೀಕ್ಷಾ ವರದಿ ಕೇಳಿ, ಊರಿನ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತಿದ್ದರೆ ದುರಸ್ತಿ ಕೇಳಿ. ಜಲ ಜೀವನ್ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಡುವ ವ್ಯವಸ್ಥೆ ಇದೆ. ನಿಮ್ಮೂರಿನಲ್ಲಿ ಅವರು ಯಾರು ಎಂದು ಪಂಚಾಯಿತಿಯಲ್ಲಿ ಕೇಳಿದರೆ ಉತ್ತರಕ್ಕಿಂತ ಮೊದಲು ಮೌನವೇ ಬಂದೀತು. ಪಟ್ಟು ಬಿಡಬೇಡಿ.

5. ಗ್ರಾಮಸಭೆಯಿಂದ ಠರಾವು ಮಾಡಿಸಿ

ಹತ್ತು ಸಂಘಗಳ ಲೆಟರ್‌ಹೆಡ್‌ಗಿಂತ ಒಂದು ಗ್ರಾಮಸಭೆಯ ಠರಾವಿಗೆ ತೂಕ ಹೆಚ್ಚು, ಏಕೆಂದರೆ ಅದು ಕಾನೂನಿನಡಿ ನಡೆದ ಸಭೆಯ ದಾಖಲೆ. ಸಭೆಗೆ ಒಂದು ವಾರ ಮೊದಲೇ ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ) ವಿಷಯವನ್ನು ಬರವಣಿಗೆಯಲ್ಲಿ ಕೊಡಿ. ಸಭೆಯ ಗದ್ದಲದಲ್ಲಿ ಎದ್ದು ನಿಂತು ಹೇಳಿದ ಮಾತು ನಡಾವಳಿ ಪುಸ್ತಕಕ್ಕೆ ಏರುವುದು ಅಪರೂಪ. ಸಭೆ ಮುಗಿದ ಮೇಲೆ ನಡಾವಳಿಯ ದೃಢೀಕೃತ ನಕಲು ಪಡೆಯುವುದನ್ನು ಮರೆಯಬೇಡಿ.

ಮಕ್ಕಳ ಗ್ರಾಮಸಭೆಯನ್ನು ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಆರನೆಯ ತರಗತಿಯ ಹುಡುಗ "ನನಗೆ ಹಲ್ಲು ನೋಯುತ್ತದೆ, ಚೀಟಿ ಕೊಟ್ಟರು, ಡಾಕ್ಟರ್ ಎಲ್ಲಿದ್ದಾರೆ?" ಎಂದು ಕೇಳಿದರೆ ವೇದಿಕೆಯ ಮೇಲಿದ್ದವರು ಉತ್ತರ ಹುಡುಕಬೇಕಾಗುತ್ತದೆ. ಮಾತನ್ನು ಮಗುವಿಗೆ ಬಾಯಿಪಾಠ ಮಾಡಿಸುವುದು ಮಾತ್ರ ಬೇಡ, ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

6. ಮನವಿ ಬರೆಯುವುದು, ಕೊಡುವುದು

ಒಂದು ಪುಟ, ಒಂದು ಬೇಡಿಕೆ. ಮೊದಲ ಸಾಲಿನಲ್ಲೇ ಬೇಡಿಕೆ ಬರಲಿ. ಪೀಠಿಕೆಯಲ್ಲಿ ಬಸವಣ್ಣನವರ ವಚನವೂ ಸಂವಿಧಾನದ ಆಶಯವೂ ಬೇಡ, ಓದುವವರಿಗೆ ಪುರುಸೊತ್ತಿಲ್ಲ. ಹೀಗಿರಲಿ:

"…… ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯಲ್ಲಿ …… ದಿನಾಂಕದಿಂದ ಖಾಲಿ ಇರುವ ದಂತ ಆರೋಗ್ಯಾಧಿಕಾರಿ ಹುದ್ದೆಯನ್ನು ಭರ್ತಿ ಮಾಡಬೇಕು. ಕಾಯಂ ನೇಮಕಾತಿ ಆಗುವವರೆಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿ ಗುತ್ತಿಗೆ ಆಧಾರದಲ್ಲಿ ಒಬ್ಬ ದಂತವೈದ್ಯರನ್ನು ನೇಮಿಸಿಕೊಳ್ಳಲು ಪ್ರಸ್ತಾವನೆ ಸಲ್ಲಿಸಬೇಕು."

ಪಕ್ಕದ ತಾಲ್ಲೂಕಿನಿಂದ ನಿಯೋಜನೆ ಮಾಡಿ ಎಂದು ಕೇಳುವುದು ಸುಲಭ, ಬೇಗ ಆಗುವಂಥದ್ದೂ ಹೌದು. ನಾನು ಅದನ್ನು ಒಪ್ಪುವುದಿಲ್ಲ. ಮಾನ್ವಿಯವರ ಕುರ್ಚಿ ಖಾಲಿ ಮಾಡಿ ಸಿರವಾರದ ಕುರ್ಚಿ ತುಂಬಿಸಿದರೆ ಮುಂದಿನ ವರ್ಷ ಮಾನ್ವಿಯವರು ಅದೇ ಅಸ್ತ್ರ ಬಳಸುತ್ತಾರೆ, ಇಲಾಖೆ ಆರಾಮಾಗಿ ನೋಡುತ್ತಾ ಕೂರುತ್ತದೆ.

ಮನವಿಯನ್ನು ಅಧಿಕಾರಿಯ ಕೈಗೆ ಕೊಟ್ಟು ಫೋಟೊ ತೆಗೆಸಿಕೊಳ್ಳುವುದರಿಂದ ಕಡತ ಹುಟ್ಟುವುದಿಲ್ಲ. ಟಪಾಲು ಶಾಖೆಗೆ ಹೋಗಿ ಇನ್ನೊಂದು ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಕೆಲವು ದಿನ ಬಿಟ್ಟು ವಿಷಯ ನಿರ್ವಾಹಕರು ಯಾರು ಎಂದು ವಿಚಾರಿಸಿ ಇ-ಆಫೀಸ್ ಕಡತದ ಸಂಖ್ಯೆ ಕೇಳಿ. ಆ ಸಂಖ್ಯೆ ಸಿಕ್ಕಿದ ಮೇಲೆ ನೀವು "ಆ ಹಲ್ಲಿನವರು" ಅಲ್ಲ, ಕಡತ ಹಿಂಬಾಲಿಸುವವರು. ಕಚೇರಿಯ ವರ್ತನೆಯೇ ಬದಲಾಗುತ್ತದೆ. ಸಂಖ್ಯೆ ಕೊಡಲು ಸತಾಯಿಸಿದರೆ 1902 ಸಹಾಯವಾಣಿಯಲ್ಲಿ ಕುಂದುಕೊರತೆ ದಾಖಲಿಸಿ, ಅಲ್ಲಿಯೂ ಒಂದು ನೋಂದಣಿ ಸಂಖ್ಯೆ ಬರುತ್ತದೆ.

ಇಲ್ಲಿ ಒಂದು ತಮಾಷೆಯ ಗೊಂದಲವಿದೆ. ಜಿಲ್ಲಾ ಆರೋಗ್ಯಾಧಿಕಾರಿಯೂ ಡಿಎಚ್‌ಒ, ದಂತ ಆರೋಗ್ಯಾಧಿಕಾರಿಯೂ ಡಿಎಚ್‌ಒ. ಮನವಿಯಲ್ಲಿ ಸಂಕ್ಷೇಪ ಬಳಸದೆ ಪೂರ್ತಿ ಹೆಸರು ಬರೆಯಿರಿ, ಇಲ್ಲದಿದ್ದರೆ "ಡಿಎಚ್‌ಒ ಹುದ್ದೆ ಖಾಲಿ ಇಲ್ಲ" ಎಂಬ ಉತ್ತರ ಬಂದರೂ ಆಶ್ಚರ್ಯವಿಲ್ಲ.

7. ಕೆಡಿಪಿ ಸಭೆಗೆ ವಿಷಯ ಮುಟ್ಟಿಸಿ

ಕೆಡಿಪಿ ಎಂದರೆ ಸರ್ಕಾರಿ ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ಸಭೆ. ತಾಲ್ಲೂಕು ಕೆಡಿಪಿ ಸಭೆ ಶಾಸಕರ ಅಧ್ಯಕ್ಷತೆಯಲ್ಲಿ, ಜಿಲ್ಲಾ ತ್ರೈಮಾಸಿಕ ಸಭೆ ಉಸ್ತುವಾರಿ ಸಚಿವರ ಅಧ್ಯಕ್ಷತೆಯಲ್ಲಿ ನಡೆಯುತ್ತದೆ. ಸಾರ್ವಜನಿಕರು ಅಲ್ಲಿ ಎದ್ದು ಮಾತನಾಡುವಂತಿಲ್ಲ. ಆದರೆ ಶಾಸಕರು, ವಿಧಾನ ಪರಿಷತ್ ಸದಸ್ಯರು, ನಾಮನಿರ್ದೇಶಿತ ಸದಸ್ಯರು ಮಾತನಾಡಬಹುದು. ಅವರಿಗೆ ಅರ್ಧ ಪುಟದ ಟಿಪ್ಪಣಿ ಕೊಡಿ, ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆಯನ್ನೇ ಬರೆದುಕೊಡಿ.

ಈ ಸಭೆಯ ನಿಜವಾದ ಬೆಲೆ ಅನುಪಾಲನಾ ವರದಿಯಲ್ಲಿದೆ. ಒಂದು ವಿಷಯ ನಡಾವಳಿಯಲ್ಲಿ ಬಂದರೆ ಮುಂದಿನ ಸಭೆಗೆ ಅದರ ಮೇಲೆ ಏನು ಕ್ರಮವಾಯಿತು ಎಂದು ಇಲಾಖೆ ಬರೆದು ಕೊಡಬೇಕು. ಹಾಗೆ ಒಮ್ಮೆ ಸೇರಿದ ವಿಷಯವನ್ನು ತೆಗೆಯುವುದು ಕಷ್ಟ. ಸಚಿವರ ಮುಂದೆ ಮತ್ತೆ ಮತ್ತೆ "ಕ್ರಮ ಜರುಗಿಸಲಾಗುತ್ತಿದೆ" ಎಂದು ಓದಲು ಯಾವ ಅಧಿಕಾರಿಗೂ ಇಷ್ಟವಿರುವುದಿಲ್ಲ.

8. ಹಣ ಎಲ್ಲಿದೆ ಎಂದು ನೀವೇ ತೋರಿಸಿ

"ಅನುದಾನವಿಲ್ಲ" ಎಂಬ ಮಾತಿಗೆ ನಮ್ಮ ಜಿಲ್ಲೆಗಳಲ್ಲಿ ಉತ್ತರವಿದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ 2013ರಲ್ಲಿ ಹುಟ್ಟಿದ ಮಂಡಳಿ ಇಂದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಕಟ್ಟಡ, ಉಪಕರಣಗಳಂಥ ಒಂದು ಸಲದ ವೆಚ್ಚಕ್ಕೆ ಅದರ ಕ್ರಿಯಾ ಯೋಜನೆ ಸೂಕ್ತ. ಡೆಂಟಲ್ ಚೇರ್, ಎಕ್ಸ್-ರೇ, ಕೋಣೆಯ ನೀರಿನ ಸಂಪರ್ಕ ಇವನ್ನು ಅಲ್ಲಿ ಕೇಳಿ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಸೇರಿಸಿದೆ. ಆ ತಾಲ್ಲೂಕಿನವರು ಮನವಿಯಲ್ಲಿ ಅದನ್ನು ಒಂದು ಸಾಲಿನಲ್ಲಿ ಹೇಳಲಿ. ರಾಯಚೂರು 2018ರಿಂದ ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿರುವುದನ್ನೂ ಸೇರಿಸಬಹುದು.

ಹಟ್ಟಿ ಚಿನ್ನದ ಗಣಿಯ ಸುತ್ತಲಿನ ಲಿಂಗಸುಗೂರು ಭಾಗದವರಿಗೆ, ಅದಕ್ಕಿಂತ ಹೆಚ್ಚಾಗಿ ಬಳ್ಳಾರಿಯವರಿಗೆ, ಇನ್ನೊಂದು ಬಾಗಿಲಿದೆ: ಜಿಲ್ಲಾ ಖನಿಜ ಪ್ರತಿಷ್ಠಾನ. ಗಣಿ ಬಾಧಿತ ಪ್ರದೇಶಗಳಿಗಾಗಿ 2015ರ ತಿದ್ದುಪಡಿಯಿಂದ ಬಂದ ಈ ನಿಧಿಯಲ್ಲಿ ಕುಡಿಯುವ ನೀರು ಮತ್ತು ಆರೋಗ್ಯ ಹೆಚ್ಚಿನ ಆದ್ಯತೆಯ ವಲಯಗಳು.

ಚೇರ್ ಬಂದು ಡಾಕ್ಟರ್ ಬಾರದಿದ್ದರೆ ಏನು ಪ್ರಯೋಜನ? ಸಂಬಳದ ಹಣಕ್ಕೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ವಾರ್ಷಿಕ ಯೋಜನೆಯೇ ದಾರಿ. ಅದನ್ನು ಈಗ 2022-24, 2024-26 ಹೀಗೆ ಎರಡೆರಡು ವರ್ಷಕ್ಕೆ ಮಾಡುತ್ತಾರೆ. ಜಿಲ್ಲೆ ತನ್ನ ಪ್ರಸ್ತಾವನೆ ಸಿದ್ಧಪಡಿಸುವ ತಿಂಗಳುಗಳನ್ನು ಜಿಲ್ಲಾ ಕಾರ್ಯಕ್ರಮ ನಿರ್ವಹಣಾ ಘಟಕದಲ್ಲಿ ವಿಚಾರಿಸಿಕೊಂಡು ಅದಕ್ಕೂ ಎರಡು ತಿಂಗಳು ಮೊದಲೇ ನಿಮ್ಮ ಅಂಕಿಗಳನ್ನು ಕೊಡಿ. ರಾಜ್ಯ ಬಜೆಟ್‌ಗೂ ಹೀಗೆಯೇ. ಫೆಬ್ರುವರಿ–ಮಾರ್ಚ್‌ನಲ್ಲಿ ಮಂಡನೆಯಾಗುವ ಬಜೆಟ್‌ಗೆ ಫೆಬ್ರುವರಿಯಲ್ಲಿ ಮನವಿ ಕೊಡುವುದು ಬಸ್ ಹೋದ ಮೇಲೆ ನಿಲ್ದಾಣಕ್ಕೆ ಓಡಿದಂತೆ.

9. ಜೊತೆಗೆ ಯಾರು, ಎದುರಿಗೆ ಯಾರು

ಊರಿನ ಖಾಸಗಿ ದಂತವೈದ್ಯರು ನಿಮ್ಮ ವಿರೋಧಿಗಳೆಂದು ಮೊದಲೇ ತೀರ್ಮಾನಿಸಬೇಡಿ. ಅವರ ಸಂಘದಿಂದ ಒಂದು ಬೆಂಬಲ ಪತ್ರ ಸಿಕ್ಕರೆ ತಾಂತ್ರಿಕ ಪ್ರಶ್ನೆಗಳಿಗೆಲ್ಲ ಉತ್ತರ ಸಿಕ್ಕಂತೆ. ಯಾವ ಉಪಕರಣ ನಿಜಕ್ಕೂ ಬೇಕು, ಯಾವುದು ಪೊಟ್ಟಣ ಬಿಚ್ಚದೆ ಮೂಲೆ ಸೇರುತ್ತದೆ ಎಂದು ಅವರಿಗೇ ಗೊತ್ತು. ಬಸ್ ನಿಲ್ದಾಣದ ಬಳಿ ಪದವಿ ಇಲ್ಲದೆ ಹಲ್ಲು ಕಟ್ಟಿಕೊಡುವವರ ಹಾವಳಿಯ ಬಗ್ಗೆ ಅವರಿಗೂ ನಿಮ್ಮಷ್ಟೇ ಸಿಟ್ಟಿದೆ.

ದಂತ ಕಾಲೇಜುಗಳಲ್ಲಿ ಸಾರ್ವಜನಿಕ ಆರೋಗ್ಯ ದಂತ ವಿಭಾಗ ಎಂಬುದಿದೆ. ಸಮುದಾಯದಲ್ಲಿ ಕೆಲಸ ಮಾಡುವುದು ಇಂಟರ್ನ್‌ಗಳ ತರಬೇತಿಯ ಭಾಗ. ಅವರನ್ನು ಒಂದು ದಿನದ ಶಿಬಿರಕ್ಕೆ ಕರೆಯುವ ಬದಲು ವಾರದ ನಿಗದಿತ ದಿನ ಸಮುದಾಯ ಆರೋಗ್ಯ ಕೇಂದ್ರಕ್ಕೆ ಬರುವಂತೆ ಕಾಲೇಜು ಮತ್ತು ಆರೋಗ್ಯ ಇಲಾಖೆಯ ನಡುವೆ ಲಿಖಿತ ಒಪ್ಪಂದ ಮಾಡಿಸಲು ಯತ್ನಿಸಿ. ಶಿಬಿರಗಳ ಮೇಲೆ ನನಗೆ ಅಷ್ಟೇನೂ ಗೌರವವಿಲ್ಲ. ಬ್ಯಾನರ್, ಶಾಲು, ಚಿಕ್ಕ ಪೇಸ್ಟಿನ ಟ್ಯೂಬು, ಮತ್ತು ಎಲ್ಲಿಗೂ ಹೋಗದ ಒಂದು ಚೀಟಿ. ಹೋಗಲಿ, ಶಿಬಿರ ನಡೆದರೆ ಆ ಚೀಟಿಗಳ ಲೆಕ್ಕವನ್ನಾದರೂ ಇಟ್ಟುಕೊಳ್ಳಿ, ಮೂರು ತಿಂಗಳ ನಂತರ ಎಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿತು ಎಂದು ವಿಚಾರಿಸಿ.

10. ವಿಧಾನಸೌಧದವರೆಗೆ

ಶಾಸಕರಿಗೆ ಸನ್ಮಾನ ಮಾಡುವುದಕ್ಕಿಂತ ಒಂದು ಚುಕ್ಕೆ ಗುರುತಿಲ್ಲದ (ಸದನದಲ್ಲಿ ಲಿಖಿತ ಉತ್ತರ ಪಡೆಯುವ) ಪ್ರಶ್ನೆ ಬರೆದುಕೊಡುವುದು ಉಪಯುಕ್ತ. "ರಾಯಚೂರು ಜಿಲ್ಲೆಯ ಆಸ್ಪತ್ರೆಗಳಲ್ಲಿ ಮಂಜೂರಾದ, ಭರ್ತಿಯಾದ, ಖಾಲಿ ಇರುವ ಹಾಗೂ ನಿಯೋಜನೆಯಲ್ಲಿರುವ ದಂತ ಆರೋಗ್ಯಾಧಿಕಾರಿ ಹುದ್ದೆಗಳೆಷ್ಟು (ತಾಲ್ಲೂಕುವಾರು ವಿವರ ನೀಡುವುದು)?" ಸದನದಲ್ಲಿ ಸಚಿವರು ಕೊಟ್ಟ ಉತ್ತರ ಅಧಿಕೃತ ದಾಖಲೆ, ಯಾವ ಕಚೇರಿಯೂ ಅದನ್ನು ಅಲ್ಲಗಳೆಯಲಾಗದು. ಈಶಾನ್ಯ ಪದವೀಧರರ ಕ್ಷೇತ್ರದ ಪರಿಷತ್ ಸದಸ್ಯರನ್ನೂ ಮರೆಯಬೇಡಿ. ಬೆಳಗಾವಿ ಅಧಿವೇಶನದಲ್ಲಿ ಉತ್ತರ ಕರ್ನಾಟಕದ ಪ್ರಶ್ನೆಗಳಿಗೆ ಕಿವಿಗಳು ತುಸು ಹೆಚ್ಚು ತೆರೆದಿರುತ್ತವೆ. ಪ್ರಶ್ನೆಯ ಸೂಚನೆಯನ್ನು ಕೆಲವು ವಾರ ಮುಂಚೆಯೇ ಕೊಡಬೇಕಾಗುವುದರಿಂದ ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಶಾಸಕರ ಆಪ್ತ ಸಹಾಯಕರಿಗೆ ತಲುಪಿಸಿ.

ಪತ್ರಿಕೆಗಳ ಸ್ಥಳೀಯ ವರದಿಗಾರರಿಗೆ ಕೊಡಬೇಕಾದದ್ದು ಹೇಳಿಕೆಯಲ್ಲ, ದಾಖಲೆ. ಮಾಹಿತಿ ಹಕ್ಕಿನಲ್ಲಿ ಬಂದ ಆ ಸೊನ್ನೆಗಳ ಪುಟ ಕೊಟ್ಟರೆ ಸುದ್ದಿ ತಾನಾಗಿ ಆಗುತ್ತದೆ. ಮಾರ್ಚ್ 20ರ ವಿಶ್ವ ಬಾಯಿ ಆರೋಗ್ಯ ದಿನ ಒಳ್ಳೆಯ ಸಂದರ್ಭ. ಅಧಿಕಾರಿಯ ಹೆಸರು ಹಿಡಿದು ಜರಿಯಬೇಡಿ, ಮಾರನೆಯ ದಿನ ಅವರ ಬಳಿಗೇ ಹೋಗಬೇಕು.

ನ್ಯಾಯಾಲಯ ಕೊನೆಯ ಮಾತು. ರಾಯಚೂರಿನವರಿಗೆ ಹೈಕೋರ್ಟ್‌ನ ಕಲಬುರಗಿ ಪೀಠ, ಕೊಪ್ಪಳ–ಬಳ್ಳಾರಿಯವರಿಗೆ ಧಾರವಾಡ ಪೀಠ. ಮೇಲಿನ ಎಲ್ಲ ಹಂತಗಳ ದಾಖಲೆ ಇಲ್ಲದೆ ಅಲ್ಲಿಗೆ ಹೋದರೆ "ಮೊದಲು ಇಲಾಖೆಗೆ ಮನವಿ ಕೊಡಿ" ಎಂದು ವಾಪಸು ಕಳುಹಿಸುವ ಸಾಧ್ಯತೆಯೇ ಹೆಚ್ಚು.

11. ಡಾಕ್ಟರ್ ಬಂದ ಮೇಲೆ

ಹೆಚ್ಚಿನ ಹೋರಾಟಗಳು ಇಲ್ಲಿ ಹಾರ ಹಾಕಿ ಮನೆಗೆ ಹೋಗುತ್ತವೆ. ಆರು ತಿಂಗಳಲ್ಲಿ ವೈದ್ಯರು ವರ್ಗವಾಗುತ್ತಾರೆ ಅಥವಾ ಸಾಮಗ್ರಿ ಮುಗಿದು ಮತ್ತೆ ಕೀಳುವುದಷ್ಟೇ ಉಳಿಯುತ್ತದೆ.

ಹೊಸದಾಗಿ ಬಂದ ವೈದ್ಯರನ್ನು ಮೊದಲ ವಾರದಲ್ಲೇ ಭೇಟಿ ಮಾಡಿ ಏನೇನು ಕೊರತೆ ಇದೆ ಎಂದು ಕೇಳಿ. ಸಾಮಗ್ರಿ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದಿಂದ ಬರುವುದು ತಡವಾದಾಗ ಆರೋಗ್ಯ ರಕ್ಷಾ ಸಮಿತಿಯ ನಿಧಿಯಿಂದ ಸ್ಥಳೀಯವಾಗಿ ಕೊಳ್ಳಲು ನಿರ್ಣಯ ಮಾಡಿಸಬಹುದು. ಸಮಿತಿಯಲ್ಲಿ ನಿಮ್ಮ ಪರಿಚಯದ ಒಬ್ಬರಾದರೂ ಇರುವಂತೆ ನೋಡಿಕೊಳ್ಳಿ. ದಂತ ವಿಭಾಗ ಯಾವ ದಿನ, ಯಾವ ಹೊತ್ತು ತೆರೆದಿರುತ್ತದೆ, ಏನೇನು ಚಿಕಿತ್ಸೆ ಸಿಗುತ್ತದೆ ಎಂಬ ಫಲಕವನ್ನು ಹೊರರೋಗಿ ಚೀಟಿ ಕೊಡುವ ಕಿಟಕಿಯ ಪಕ್ಕದಲ್ಲೇ ಹಾಕಿಸಿ. ಊರೂರಿನ ಆಶಾ ಕಾರ್ಯಕರ್ತೆಯರಿಗೂ ಮುಖ್ಯೋಪಾಧ್ಯಾಯರಿಗೂ ಆ ವಿವರ ತಲುಪಲಿ. ಜನ ಬಾರದ ವಿಭಾಗದ ಹುದ್ದೆಯನ್ನು ಬೇರೆಡೆಗೆ ಸಾಗಿಸಲು "ರೋಗಿಗಳ ಸಂಖ್ಯೆ ಕಡಿಮೆ" ಎಂಬ ಒಂದೇ ಸಾಲು ಸಾಕು.

ಮೂರು ತಿಂಗಳಿಗೊಮ್ಮೆ ಅದೇ ಮಾಹಿತಿ ಹಕ್ಕಿನ ಮೂರನೆಯ ಪ್ರಶ್ನೆಯನ್ನು ಮತ್ತೆ ಹಾಕಿ: ಕಿತ್ತದ್ದೆಷ್ಟು, ತುಂಬಿದ್ದೆಷ್ಟು. ಸ್ವೀಕೃತಿ ಪ್ರತಿಗಳು, ಆದೇಶಗಳು, ನಡಾವಳಿಗಳು ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿಡಿ. ಅದರ ಇನ್ನೊಂದು ಪೂರ್ಣ ಪ್ರತಿ ನಿಮಗಿಂತ ಚಿಕ್ಕ ವಯಸ್ಸಿನ, ಅದೇ ಊರಿನಲ್ಲಿ ಉಳಿಯುವ ಒಬ್ಬರ ಬಳಿ ಇರಲಿ.